ಪಟ್ಟಿಯ ಕೊನೆಯ ಆಯ್ಕೆ

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಪಕ್ಕದ ಸಣ್ಣ ಆಫೀಸಿನಲ್ಲಿ ಕೂತು ಶ್ರುತಿ ಆ ಫಾರಮ್ಮನ್ನು ಹತ್ತನೇ ಸಲ ತುಂಬಿದಳು. ಹತ್ತನೇ ಸಲವೂ ಸಲೀಸಾಗಿ ಹೋಯಿತು. ಮೊಳಕಾಲ್ಮೂರಿನ ಒಂದು ನೇಕಾರರ ಸಂಘಕ್ಕೆ ಅವಳೇ ಮಾಡಿಕೊಟ್ಟ ಫಾರಮ್ಮು ಅದು. ಅದರಲ್ಲಿ ದಾಖಲಾದವರ ಸೀರೆಗೆ ಈ ಸಲ ನೇಯ್ದವರ ಹೆಸರಿನ ಚೀಟಿ ಹೊಲಿಯುತ್ತಾರೆ. ಇವತ್ತು ಸಂಜೆ ಐದಕ್ಕೆ ಕೊನೆ.

ಬೆಳಿಗ್ಗೆಯಿಂದ ಆ ಸಂಘದ ಬೊಮ್ಮಕ್ಕ ಮೂರು ಸಲ ಫೋನ್ ಮಾಡಿದ್ದಳು. ಮೂವತ್ತು ವರ್ಷ ಅವಳು ನೇಯ್ದದ್ದೆಲ್ಲ ಗಂಡ ಸೂರಪ್ಪನ ಹೆಸರಲ್ಲೇ ಹೋಗಿತ್ತು. ಸೂರಪ್ಪ ತೀರಿಕೊಂಡು ವರ್ಷವಾಯಿತು. ಒಂದು ಸೀರೆಯಾದರೂ ತನ್ನ ಹೆಸರು ಹೊತ್ತು ಹೋಗಲಿ ಎಂದು ಅವಳಿಗೆ ಆಸೆ. ಆದರೆ ಎಷ್ಟು ಒತ್ತಿದರೂ ಫಾರಮ್ಮು ಮಿಸುಕುತ್ತಿರಲಿಲ್ಲ. ಕೆಂಪಕ್ಷರ ಏನಾದರೂ ಬಂತೇ ಎಂದು ಶ್ರುತಿ ಕೇಳಿದ್ದಕ್ಕೆ ಏನೂ ಇಲ್ಲ ಎಂದಳು. ಎಲ್ಲ ಪಟ್ಟಿಯಲ್ಲೂ ಆರಿಸಿದಿರಾ ಎಂದದ್ದಕ್ಕೆ, ನನಗೇನು ಕಣ್ಣು ಹೋಗಿದೆಯಾ ಎಂದು ರೇಗಿದಳು.

ಮಧ್ಯಾಹ್ನ ಶ್ರುತಿ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಮೊಳಕಾಲ್ಮೂರಿನ ಬಸ್ಸು ಹತ್ತಿದಳು.

ಬೊಮ್ಮಕ್ಕನ ಮನೆಯಲ್ಲಿ ಮಗ್ಗವೇ ಅರ್ಧ ಜಾಗ. ಕೂರುವ ಹಲಗೆಯ ಒಂದು ತುದಿಯಲ್ಲಿ ಗಂಡಸರ ಟವಲೊಂದು ಮಡಿಸಿಟ್ಟಿತ್ತು. ಅಗಲ ಅಂಚಿನ ಸೀರೆಗೆ ಇಲ್ಲಿ ಇಬ್ಬರು ಕೂರುತ್ತಾರೆ, ಎರಡನೆಯವರು ಆ ಬದಿಯ ಅಂಚಿನ ಲಾಳಿ ನೋಡಿಕೊಳ್ಳುತ್ತಾರೆ. ಬೊಮ್ಮಕ್ಕ ಒಬ್ಬಳೇ ಇದ್ದಳು. ಪ್ರತಿ ಎಳೆಗೂ ಟವಲಿನವರೆಗೆ ಜರುಗಿ, ಅದರ ಮೇಲಿಂದ ಕೈ ಚಾಚಿ ಲಾಳಿ ಹಿಡಿದು, ಮತ್ತೆ ಈಚೆಗೆ ಬರುತ್ತಿದ್ದಳು.

ಶ್ರುತಿ ನೆಲದ ಮೇಲೆ ಕೂತು, ತನ್ನೆದುರೇ ಫೋನಿನಲ್ಲಿ ಇನ್ನೊಮ್ಮೆ ತುಂಬಲು ಹೇಳಿದಳು. ತಾಲ್ಲೂಕು ಆಯಿತು, ಮಗ್ಗದ ಬಗೆ ಆಯಿತು. ಮಗ್ಗದ ಜೊತೆಗಾರರು ಎಂಬಲ್ಲಿ ಪಟ್ಟಿ ತೆರೆಯಿತು: ಗಂಡ, ಹೆಂಡತಿ, ಮಗ, ಮಗಳು, ಸೊಸೆ. ಬೊಮ್ಮಕ್ಕನ ಬೆರಳು ಯಾವುದರ ಮೇಲೂ ನಿಲ್ಲದೆ ಕೊನೆಗೆ ಹೋಗಿ ‘ಯಾರೂ ಇಲ್ಲ’ ಎಂಬುದನ್ನು ಒತ್ತಿತು. ಫಾರಮ್ಮು ಸುಮ್ಮನೆ ಕೂತಿತು.

ಶ್ರುತಿ ಅದೊಂದನ್ನು ಒತ್ತಿ ನೋಡಿಯೇ ಇರಲಿಲ್ಲ. ಅಗಲ ಅಂಚಿನ ಸೀರೆ ಯಾರೂ ಒಬ್ಬರೇ ನೇಯುವುದಿಲ್ಲ ಎಂದು ಸಂಘದವರು ಹೇಳಿದ್ದರು. ಇರಲಿ ಎಂದು ಕೊನೆಯಲ್ಲಿ ಸೇರಿಸಿ, ಅದರ ಹಿಂದೆ ಕಂಪ್ಯೂಟರಿಗಾಗಿ ಬರೆಯಬೇಕಾದ ಗುರುತಿನ ಪದವನ್ನು ಖಾಲಿ ಬಿಟ್ಟಿದ್ದಳು. ಖಾಲಿ ಎಂದರೆ ಬ್ರೌಸರಿಗೆ ಇನ್ನೂ ಆರಿಸಿಲ್ಲ ಎಂದೇ ಲೆಕ್ಕ. ಚೆಂದ ಕಾಣಲೆಂದು ಅಸಲಿ ಪಟ್ಟಿಯನ್ನು ಮರೆಮಾಡಿ ಮೇಲೆ ಬೇರೊಂದನ್ನು ತೊಡಿಸಿದ್ದರಿಂದ, ಅದು ಕೊಟ್ಟ ಎಚ್ಚರಿಕೆಯೂ ಕಾಣದೆ ಒಳಗೇ ಉಳಿದಿತ್ತು.

ತಪ್ಪು ನನ್ನದೇ ಎಂದಳು ಶ್ರುತಿ. ಬೇರೇನಾದರೂ ಆರಿಸಿದ್ದರೆ ಬೆಳಿಗ್ಗೆಯೇ ಹೋಗಿಬಿಡುತ್ತಿತ್ತು.

“ಪಕ್ಕದ ಮನೆ ಜುಂಜಮ್ಮನೂ ಅದೇ ಅಂದ್ಲು, ಗಂಡ ಅಂತ ಒತ್ತು ಹೋಗ್ತೈತೆ ಅಂತ,” ಎಂದಳು ಬೊಮ್ಮಕ್ಕ. “ಇಲ್ಲದೋರ್ನ ಐದಾರೆ ಅಂತ ಹೆಂಗವ್ವ ಒತ್ಲಿ?”

ಶ್ರುತಿ ಲ್ಯಾಪ್‌ಟಾಪ್ ತೆರೆದಳು. ಖಾಲಿ ಜಾಗದಲ್ಲಿ ಒಂದು ಪದ ಬರೆದಳು, ಎಚ್ಚರಿಕೆ ಹೊರಗೆ ಕಾಣುವಂತೆ ಮಾಡಿದಳು. ನೆಟ್‌ವರ್ಕ್ ಎರಡು ಸಲ ಕೈಕೊಟ್ಟಿತು. ಹೊಸ ಫಾರಮ್ಮು ಮೇಲೇರಿದಾಗ ಐದಕ್ಕೆ ಹನ್ನೊಂದು ನಿಮಿಷವಿತ್ತು.

ಬೊಮ್ಮಕ್ಕ ಮತ್ತೆ ಮೊದಲಿನಿಂದ ತುಂಬಿದಳು. ಕೊನೆಯ ಆಯ್ಕೆಯ ಹತ್ತಿರ ಬೆರಳು ನಿಂತಿತು.

“ಮುಂದೆ ಯಾರಾದ್ರೂ ಬಂದ್ರೆ ಇದನ್ನ ಬದಲಾಯಿಸ್ಬೋದಾ?”

“ಯಾವಾಗ ಬೇಕಾದ್ರೂ, ಬೊಮ್ಮಕ್ಕ.”

ಒತ್ತಿದಳು. ಈ ಸಲ ಹೋಯಿತು. ಪರದೆಯ ಮೇಲೆ ಒಂದು ಸಂಖ್ಯೆ, ಅದರ ಕೆಳಗೆ ಅವಳ ಹೆಸರು. ಬೊಮ್ಮಕ್ಕ ಅದನ್ನು ಒಂದೊಂದೇ ಅಕ್ಷರವಾಗಿ ಓದಿಕೊಂಡಳು. ಆಮೇಲೆ ಫೋನನ್ನು ಕೆಳಗಿಟ್ಟು, ಹಲಗೆಯ ಮೇಲಿನ ಟವಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

“ಬಸ್ಸಿಗೆ ಇನ್ನೂ ಹೊತ್ತೈತೆ. ಕೂರ್ಚೋ ತಲ್ಲಿ,” ಎಂದಳು, ಕೊನೆಗೆ ಮನೆಯ ತೆಲುಗಿಗೆ ಜಾರಿ, ಕೂತ್ಕೋ ತಾಯಿ ಎಂಬಂತೆ ಖಾಲಿಯಾದ ಜಾಗ ತಟ್ಟುತ್ತ.

ನನಗೆ ನೇಯಲು ಬರುವುದಿಲ್ಲ ಎಂದಳು ಶ್ರುತಿ.

“ಫಾರಮ್ಮು ಮಾತ್ರ ಬರ್ತಿತ್ತೇನು?”

ಶ್ರುತಿ ನಕ್ಕು, ಕಾಲು ಇಳಿಬಿಟ್ಟು ಕೂತಳು. ಅವಳು ತೂರಿದ ಲಾಳಿ ಅರ್ಧಕ್ಕೇ ನಿಂತಿತು. ಬೊಮ್ಮಕ್ಕ ಜರುಗಿ ಬರಲಿಲ್ಲ. ಕೂತಲ್ಲೇ ಕಾದಳು.