ನಾರಾದ ಹೆಬ್ಬಾಗಿಲು

ಕಂಪನಿ ಒಸಾಕಾದಿಂದ ಹೊಸ ಮೆಷಿನ್ ತರಿಸಿದ್ದು ೧೯೯೨ರಲ್ಲಿ. ಗಲ್ಫಿನಲ್ಲಿ, ಅಲ್ ಮವಾಲೇಹ್‌ನ ನಮ್ಮ ಮರದ ವರ್ಕ್‌ಶಾಪಿನಲ್ಲಿ ಅದನ್ನು ಕೂರಿಸಲು ಮಿಯಾಕೆ ಎಂಬ ಇಂಜಿನಿಯರ್ ಬಂದರು. ಅದನ್ನು ನಡೆಸುವುದನ್ನು ಕಲಿಯಲು ಮೇಸ್ತ್ರಿಯಾದ ನನ್ನನ್ನು ಒಂದು ವಾರ ಒಸಾಕಾಕ್ಕೆ ಕಳಿಸುವುದೆಂದು ಆಯಿತು. ನಡುವೆ ಒಂದು ಭಾನುವಾರ ರಜೆ. ಆ ದಿನ ಎಲ್ಲಿಗೆ ಹೋಗುತ್ತೀರಿ ಎಂದು ಮಿಯಾಕೆ ಕೇಳಿದರು. ಹಳೆಯ ಮರದ ಕೆಲಸ ಇರುವಲ್ಲಿಗೆ ಎಂದೆ.

"ಹಾಗಾದರೆ ನಾರಾ," ಎಂದರು.

ಸಾವಿರದ ಇನ್ನೂರು ವರ್ಷಗಳ ಹಿಂದೆ ಅದು ರಾಜಧಾನಿಯಾಗಿತ್ತಂತೆ. ಊರು ತುಂಬ ದೇವಸ್ಥಾನಗಳು, ಬೀದಿಯಲ್ಲಿ ಜಿಂಕೆಗಳು. ಅವರು ತೋರಿಸಿದ ಫೋಟೋದಲ್ಲಿ ಮರದಿಂದಲೇ ಕಟ್ಟಿದ ಒಂದು ಬುದ್ಧನ ದೇವಸ್ಥಾನವಿತ್ತು. ನಾನು ಇಲ್ಲಿನ ರುಸ್ತಾಕ್ ಊರಿನಲ್ಲಿ ಎಷ್ಟೋ ಹಳೆಯ ಬಾಗಿಲುಗಳನ್ನು ಬಿಚ್ಚಿ ಜೋಡಿಸಿದವನು, ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ. ಆ ಫೋಟೋವನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದೆ.

ಮಿಯಾಕೆ ಹಾಳೆ ತೆಗೆದು ಗೆರೆ ಎಳೆದರು. ಏಳು ನಲವತ್ತಕ್ಕೆ ರೈಲು. ಎಂಟೂವರೆಗೆ ನಾರಾ. ದೊಡ್ಡ ದೇವಸ್ಥಾನಕ್ಕೆ ಎರಡು ಗಂಟೆ. ಕಾಡಿನೊಳಗೆ ಸಾಲು ದೀಪಗಳಿರುವ, ಅವರ ಹಳೆಯ ದೇವರ ಶಿಂತೋ ಗುಡಿಗೆ ಒಂದು ಗಂಟೆ. ಉಳಿಯಂಗಡಿಗೆ ಇಪ್ಪತ್ತು ನಿಮಿಷ. ಮೂತ್ರಕ್ಕೆ ಹೋಗಲು ಐದು ನಿಮಿಷ ಬೇರೆ ಬರೆದಿದ್ದರು. ಮೊದಲು ನಗು ಬಂತು. ಆಮೇಲೆ ನೋಡಿದರೆ ಎಲ್ಲಿಯೂ ಒಂದು ನಿಮಿಷ ಸೋರಿರಲಿಲ್ಲ. ಮರಕ್ಕೆ ಮರ ಸೇರಿಸಿ ಒಳ್ಳೆಯ ಕೂಡು ಹಾಕಿದ ಹಾಗೆ, ಒಂದರ ಹಲ್ಲಿನೊಳಗೆ ಇನ್ನೊಂದು ಕೂತಿತ್ತು.

ಹೊರಡುವ ಹಿಂದಿನ ದಿನ, ಸೋಮವಾರ, ಊಟದ ಹೊತ್ತಿಗೆ ಆ ಹಾಳೆಯನ್ನು ಕುಂಞಾಲಿಗೆ ತೋರಿಸಿದೆ. ಅವನು ಕಂಪನಿಯ ಡ್ರೈವರ್, ನನ್ನ ಊರಿನವನೇ, ಹತ್ತು ವರ್ಷದಿಂದ ನನ್ನ ರೂಮಿನಲ್ಲಿರುವವನು.

"ಈ ಇಪ್ಪತ್ತು ನಿಮಿಷ ಎಂತಕ್ಕೆ?" ಎಂದು ಕೇಳಿದ.

"ದೊಡ್ಡಪ್ಪನಿಗೆ ಒಂದು ಉಳಿ ತರಬೇಕು."

ನನಗೆ ಉಳಿ ಹಿಡಿಯಲು ಕಲಿಸಿದವರು ದೂಮಪ್ಪ ದೊಡ್ಡಪ್ಪ. ಮೊಳೆ ಹೊಡೆಯುವವನು ಆಚಾರಿಯಲ್ಲ ಎಂದು ನನ್ನ ಬೆರಳ ಗಂಟಿಗೆ ಎಷ್ಟು ಸಲ ಹೊಡೆದಿದ್ದರೋ.

"ಉಳಿ ಬೇಡ ಮಾರಾಯ," ಎಂದ ಕುಂಞಾಲಿ. "ಆ ಇಪ್ಪತ್ತು ನಿಮಿಷವೂ ದೇವಸ್ಥಾನವನ್ನೇ ನೋಡು."

"ಯಾಕೆ ಬೇಡ?"

"ಸುಮ್ಮನೆ ಹೇಳಿದ್ದು. ಮೀನು ತಿನ್ನು, ತಣಿಯುತ್ತದೆ."

ಮೀನು ತಣಿದಿರಲಿಲ್ಲ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ತಟ್ಟೆ ದೂಡಿ ಎದ್ದು ನಿಂತೆ. "ಊರಿಗೆ, ಹೆಂಡತಿಗೆ ಫೋನ್ ಮಾಡಿದ್ದೆಯಲ್ಲ ನಿನ್ನೆ. ಮೈಮುನಾ ಎಂತ ಹೇಳಿದಳು?"

ಅವನು ಅನ್ನ ಕಲಸಿದ. "ಶನಿವಾರ ಹೋದರಂತೆ. ದೂಮಪ್ಪಾಚಾರಿ."

ಲೋಟ ಎತ್ತಿ ಗೋಡೆಗೆ ಎಸೆದೆ. ಸ್ಟೀಲಿನದ್ದು, ಬಾಗಿತು ಅಷ್ಟೆ. "ಒಂದು ರಾತ್ರಿಯಿಡೀ ನನ್ನ ಪಕ್ಕದಲ್ಲಿ ಮಲಗಿ ಬಾಯಿ ಬಿಡಲಿಲ್ಲವಲ್ಲ ನೀನು."

"ಸುದ್ದಿ ಕಿವಿಗೆ ಬೀಳದವನಿಗೆ ಸೂತಕ ಇಲ್ಲ ಅಂತ ಹೇಳಿದ್ದು ಯಾರು? ನಾನಾ?"

ಹೇಳಿದವನು ನಾನೇ. ನಮ್ಮಲ್ಲಿ ಮನೆತನದವರು ಸತ್ತರೆ ಹನ್ನೊಂದು ದಿನ ದೇವಸ್ಥಾನದ ಒಳಗೆ ಕಾಲಿಡುವಂತಿಲ್ಲ. ಆದರೆ ಊರಿನ ಕಾಗದ ಹದಿನೈದು ದಿನಕ್ಕೆ ಬರುವ ಈ ಗಲ್ಫಿನಲ್ಲಿ ನಮಗೆ ಸೂತಕವೇ ತಾಗುವುದಿಲ್ಲ ಎಂದು ನಾನೇ ಅವನೆದುರು ಎಷ್ಟೋ ಸಲ ನಕ್ಕಿದ್ದೆ.

"ನಾರಾ ನೋಡಿ ಬಂದ ಮೇಲೆ ಹೇಳುವ ಅಂತ ಇದ್ದೆ," ಎಂದ. "ಎರಡು ವಾರದಿಂದ ನಿದ್ದೆಯಲ್ಲೂ ನಾರಾ ನಾರಾ ಅಂತಿದ್ದೆಯಲ್ಲ. ಹೇಳಲಿಕ್ಕೆ ನಾಲಗೆ ಬರಲಿಲ್ಲ."

ಭಾನುವಾರಕ್ಕೆ ಒಂಬತ್ತನೆಯ ದಿನ. ನಾರಾ ಮುಗಿಯಿತು. ಹಾಳೆಯನ್ನು ತೆಗೆದುಕೊಂಡು ಹೋಗಿ ಮಿಯಾಕೆಯವರ ಮೇಜಿನ ಮೇಲಿಟ್ಟೆ. "ಖಲಾಸ್. ಮನೆಯಲ್ಲಿ ಸಾವು. ದೇವಸ್ಥಾನಕ್ಕೆ ಹೋಗುವಂತಿಲ್ಲ."

ಮಿಯಾಕೆ ಎದ್ದು ನಿಂತು ಸೊಂಟ ಬಗ್ಗಿಸಿದರು. ಎಷ್ಟು ದಿನ, ಯಾರು ಎಂದು ಕೇಳಿದರು. ನಂತರ ಕೂತು, ರಬ್ಬರ್ ತೆಗೆದು ಶಿಂತೋ ಗುಡಿಯ ಒಂದು ಗಂಟೆಯನ್ನು ಅಳಿಸಿದರು.

"ನಮ್ಮಲ್ಲೂ ಹೀಗೆಯೇ. ಸಾವಿನ ಮನೆಯವರು ಈ ಗುಡಿಗೆ ಹೋಗುವುದಿಲ್ಲ. ಬುದ್ಧನ ದೇವಸ್ಥಾನಕ್ಕೆ ಹೋಗಬಹುದು."

ನಾನು ದಂಗಾದೆ. ಇಷ್ಟು ದೂರದ ಜನ, ತಿನ್ನುವ ಅನ್ನ ಒಂದು ಬಿಟ್ಟರೆ ಬೇರೆ ಸಂಬಂಧವಿಲ್ಲ ಎಂದುಕೊಂಡಿದ್ದೆ. ಅವರಿಗೂ ಸೂತಕವಿದೆ.

"ನಿಮಗೆ ಬುದ್ಧ ಬಿಡಬಹುದು," ಎಂದೆ. "ನನ್ನ ದೊಡ್ಡಪ್ಪ ಬಿಡುವುದಿಲ್ಲ. ದೇವರಿರುವಲ್ಲಿಗೆ ನಾನು ಹೋಗುವುದಿಲ್ಲ."

ಬೇರೆ ಯಾರಾದರೂ ವಾದ ಮಾಡುತ್ತಿದ್ದರು. ಮಿಯಾಕೆ ಪೆನ್ಸಿಲ್ ತುದಿ ಕಚ್ಚಿ ಯೋಚಿಸಿದರು. ಆಮೇಲೆ ದೇವಸ್ಥಾನದ ಎರಡು ಗಂಟೆಯನ್ನೂ ಅಳಿಸಿ, ಅಲ್ಲಿ 'ದಕ್ಷಿಣದ ಹೆಬ್ಬಾಗಿಲು, ಹೊರಗಿನಿಂದ, ಮೂರು ಗಂಟೆ' ಎಂದು ಬರೆದರು.

"ಬಾಗಿಲಿನಲ್ಲಿ ಎಂತ ಉಂಟು ಮೂರು ಗಂಟೆ ನೋಡಲಿಕ್ಕೆ?" ಎಂದ ಹಿಂದೆಯೇ ಬಂದಿದ್ದ ಕುಂಞಾಲಿ.

ಮಿಯಾಕೆ ಸೀಮೆಸುಣ್ಣ ತೆಗೆದುಕೊಂಡು ವರ್ಕ್‌ಶಾಪಿನ ನೆಲದಲ್ಲಿ ಒಂದು ಗೆರೆ ಎಳೆದರು, ಬಾಗಿಲಿನ ಹೊರ ಅಂಚು ಎಂದರು. ಗೆರೆಯ ಆಚೆ ಒಂದು ದೊಡ್ಡ ವೃತ್ತ ಬರೆದರು. ಒಂದು ಕಂಬ. ಟೇಪ್ ಹಿಡಿದು ನೋಡಿದೆ, ಅಡ್ಡಕ್ಕೆ ಹತ್ತಿರ ಹತ್ತಿರ ಒಂದು ಮೀಟರ್. ಇಂಥವು ಹದಿನೆಂಟು. ನೆಲದಿಂದ ಮಾಡಿನವರೆಗೆ ಒಂದೇ ಮರ. ಕಂಬ ತೂತು ಮಾಡಿ ಅಡ್ಡತೊಲೆ ತೂರಿಸಿ, ಅದರ ಮೇಲೆ ಇನ್ನೊಂದು, ಮತ್ತೊಂದು. ಒಳಗೆ ಹಲಗೆ ಹಾಕಿ ಮುಚ್ಚಿಲ್ಲ, ಕೂಡುಗಳೆಲ್ಲ ಕೆಳಗೆ ನಿಂತವನ ಕಣ್ಣಿಗೇ ಬೀಳುತ್ತವೆ. ಎಂಟುನೂರು ವರ್ಷದಿಂದ ನಿಂತಿದೆ.

"ಎತ್ತರ?" ಎಂದೆ.

ಅವರು ತಲೆಯ ಮೇಲಿನ ತಗಡಿನ ಮಾಡು ತೋರಿಸಿ ಮೂರು ಬೆರಳು ಎತ್ತಿದರು. ಅಂಥ ಮೂರು ಮಾಡು.

ಗೆರೆಯ ಈಚೆ ನಿಂತು ತಲೆ ಎತ್ತಿದೆ. ಮೂರು ಗಂಟೆ ಸಾಲದು ಎನ್ನಿಸಿತು.

"ಉಳಿಯಂಗಡಿ ಅಳಿಸಲಾ?" ಎಂದರು ಮಿಯಾಕೆ.

"ಇರಲಿ," ಎಂದೆ. "ಅದು ಈಗ ನನಗೆ."

ಕುಂಞಾಲಿ ಬಾಗಿದ ಲೋಟವನ್ನು ಎಲ್ಲಿಂದಲೋ ತಂದು ನನ್ನ ಕೈಗಿಟ್ಟ. "ಚಾ ಕುಡಿ ಮಾರಾಯ. ಹಾಕಿ ತಂದಿದ್ದೇನೆ."

ಅದು ಒಂದು ಬದಿಗೆ ಚೆಲ್ಲುತ್ತಿತ್ತು. ಕುಡಿದೆ.