ಯಾರ ಬೀದಿಯೂ ಅಲ್ಲದ ಜಾಗ

ಮೆಟ್ಟಿಲು ಹುಟ್ಟುತ್ತಲೇ ಇದೆ, ಒಂದರ ಹಿಂದೆ ಒಂದು, ನೆಲದೊಳಗಿಂದ, ಚಾಮುಂಡಮ್ಮ ಕಾಲೆತ್ತಿದವರು ಎಸ್ಕಲೇಟರಿನ ಮುಂದೆ ಹಾಗೇ ನಿಂತಿದ್ದಾರೆ, ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು, ಹಿಂದೆ ಜನ ಕಾಯುತ್ತಿದ್ದಾರೆ — ಅಯ್ಯೋ ನಂಗೆ ಭಯ ಆಯ್ತದೆ ಕಣವ್ವ ಅಂದರು, ಅಂದವರೇ ನನ್ನ ಮಣಿಕಟ್ಟು ಹಿಡಿದರು, ನನ್ನದೇ, ಪಕ್ಕದಲ್ಲಿದ್ದ ಮಗ ಶಿವಸ್ವಾಮಿಯದಲ್ಲ, ಗಂಡ ಬೆಟ್ಟಯ್ಯನವರದೂ ಅಲ್ಲ, ಮೇಲೆ ಮುಟ್ಟುವವರೆಗೂ ಬಿಡಲಿಲ್ಲ, ಹಾಲು ಕರೆದು ಗಟ್ಟಿಯಾದ ಬೆಚ್ಚನೆಯ ಕೈ, ನನ್ನ ಜೀವ ಹಗುರಾಯಿತು, ಇನ್ನೇನು ಬೇಕೇ ಮಂಚಮ್ಮ ನಿನಗೆ, ಕವನಳ ಅತ್ತೆಯಾಗುವವರು ನಿನ್ನ ಕೈ ಹಿಡಿದಿದ್ದಾರೆ ಅಂದುಕೊಂಡೆ. ಮಗಳೂ ಆ ಹುಡುಗನೂ ಒಂದೇ ಫ್ಯಾಕ್ಟರಿಯ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ, ಅವರು ಗೌಡರು, ನಾವು ಕಾಲೋನಿಯವರು, ಆದರೂ ಒಪ್ಪಿದರು, ನರಸೀಪುರದಿಂದ ಕಾರು ಮಾಡಿಕೊಂಡು ಬಂದರು, ಬಂದಿದ್ದು ಮಾತ್ರ ಮನೆಗಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ಬಾಗಿಲು ಸಾರಿಸಿದ್ದೆ, ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದೆ, ಕವನ ತಲೆ ಬಾಚಿಕೊಳ್ಳುತ್ತ ಅಂದಳು, ಅವ್ವಾ ಅವ್ರು ಮಾಲ್‌ಗೇ ಬತ್ತಾರಂತೆ, ಫುಡ್ ಕೋರ್ಟಲ್ಲೇ ಕೂತು ಮಾತಾಡವ ಅಂದ್ರಂತೆ, ಈಗೆಲ್ಲ ಅಂಗೇ ಕಣವ್ವ. ಗೋಡೆಯ ಮೇಲಿನ ಬುದ್ಧನ ಫೋಟೋ ಇಳಿಸಬೇಕೋ ಬೇಡವೋ ಅಂತ ಅಪ್ಪ ಮಗಳು ಮೂರು ದಿನ ಜಗಳವಾಡಿದ್ದರು, ಸದ್ಯ, ಆ ಕಷ್ಟವೇ ತಪ್ಪಿತು. ಬೈಪಾಸಿನ ಈ ಮಾಲಿನಿಂದ ನಮ್ಮ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ಮನಸ್ಸಿದ್ದರೆ ಮಾರ್ಗ, ಊಟ ಮುಗಿಯಲಿ, ನಾನೇ ಬಾಯಿಬಿಟ್ಟು ಕರೆಯುತ್ತೇನೆ.

ಈ ಮಾಲ್ ಎದ್ದಾಗ ಎಲ್ಲರಿಗಿಂತ ಮೊದಲು ಖುಷಿಪಟ್ಟವಳು ನಾನೇ, ನಂಜನಗೂಡಿನಲ್ಲಿ ಎಲ್ಲಿ ಹೆಜ್ಜೆ ಇಟ್ಟರೂ ಅದು ಯಾರದಾದರೂ ಬೀದಿ, ಇಂಥವರ ಬೀದಿ, ಅಂಥವರ ಕೇರಿ, ನಮ್ಮವ್ವ ಸೌದೆ ಹೊರೆ ಹೊತ್ತು ಹೋಗುವಾಗ ಎಷ್ಟೇ ಸುಸ್ತಾದರೂ ಯಾರ ಜಗಲಿಯ ಮೇಲೂ ಕೂರುತ್ತಿರಲಿಲ್ಲ, ಕೂರಬೇಡ ಅಂತ ಯಾರೂ ಬೋರ್ಡು ಹಾಕಿರಲಿಲ್ಲ, ಆದರೂ ಕೂರುತ್ತಿರಲಿಲ್ಲ, ನಾನು ಇಲ್ಲಿಯ ಸ್ಟೀಲ್ ಬೆಂಚಿನ ಮೇಲೆ ಏಪ್ರಿಲ್ ಬಿಸಿಲು ತಪ್ಪಿಸಿಕೊಂಡು ಎರಡು ಗಂಟೆ ಕೂತಿದ್ದೆ, ಒಂದು ಪಿನ್ನೂ ಕೊಳ್ಳದೆ, ಯಾವ ಪೈಕಿ ಅಂತ ಒಬ್ಬರೂ ಕೇಳಲಿಲ್ಲ, ಬಾಗಿಲ ಸೆಕ್ಯೂರಿಟಿಯವನು ಎಲ್ಲರ ಬ್ಯಾಗಿನ ಮೇಲೂ ಅದೇ ಕೋಲು ಆಡಿಸುತ್ತಾನೆ, ಊರು ಅಂತ ಕಟ್ಟಿದರೆ ಹೀಗೆ ಕಟ್ಟಬೇಕು ಅಂದಿದ್ದೆ ಯಜಮಾನರಿಗೆ. ಕರಿಯಯ್ಯ ಲೈನ್‌ಮನ್ ಆಗಿ ಊರಿನ ಕಂಬವನ್ನೆಲ್ಲ ಹತ್ತಿ ಇಳಿದವರು, ನಕ್ಕುಬಿಟ್ಟರು, ಇದು ಊರಲ್ಲ ಕಣಮ್ಮಿ, ಇಲ್ಲಿ ಯಾರ ಮನೇನೂ ಇಲ್ವಲ್ಲ. ಈಗ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಪಕ್ಕ ಕೂತಿದ್ದಾರೆ, ಗೋಬಿಯನ್ನು ಕಡ್ಡಿಯಿಂದ ಚುಚ್ಚುತ್ತಾ. ಅವರವರ ಟ್ರೇ ಅವರವರ ಮುಂದೆ, ಅವರವರ ದುಡ್ಡು, ಗಾಜಿನ ಹಿಂದೆ ಟೋಪಿ ಹಾಕಿ ದೋಸೆ ಹುಯ್ಯುತ್ತಿರುವುದು ನಮ್ಮ ಪಕ್ಕದ ಮನೆಯ ಸಿದ್ಧಾರ್ಥ, ಎರಡು ಮಕ್ಕಳ ತಂದೆ, ನನ್ನನ್ನು ನೋಡಿಯೂ ನೋಡದವನಂತಿದ್ದಾನೆ, ಬೆಟ್ಟಯ್ಯನವರು ಅವನ ಕೈ ದೋಸೆಯನ್ನೇ ಚೆನ್ನಾಗದೆ ಕಣ್ರೀ, ಗರಿಗರಿಯಾಗದೆ ಅಂತ ತಿನ್ನುತ್ತಿದ್ದಾರೆ, ನಗು ಬಂತು, ಸೆರಗು ಬಾಯಿಗಿಟ್ಟುಕೊಂಡೆ.

ಕರೆದೆ. ಹತ್ತೇ ನಿಮಿಷ ಬೀಗರೇ, ಮನೆಗೆ ಬಂದು ನೀರು ಬೆಲ್ಲ ತಕ್ಕಂಡು ಹೋಗಿ ಅಂದೆ. ಬೆಟ್ಟಯ್ಯನವರು ಬಾಯಿ ಒರೆಸಿಕೊಂಡರು, ಮದ್ವೆಗೆ ನಮ್ದೇನೂ ತಕರಾರಿಲ್ಲ ಕಣಮ್ಮ, ಜಾಮ್ ಜಾಮ್ ಅಂತ ಮಾಡವ, ಮನೆಗೆ ಯಾಕೆ ತೊಂದ್ರೆ, ಇಲ್ಲೇ ಏಸಿ ಅದೆ. ಚಾಮುಂಡಮ್ಮ ನಕ್ಕರು, ಕೆಟ್ಟ ನಗುವಲ್ಲ, ನಿಜವಾಗಿ ಒಳ್ಳೆಯ ನಗು, ಅಬ್ಬ ಅರಿದಿನ ಬಂದ್ರೆ ಇಲ್ಲೇ ಸಿಗವ ಬುಡಿ, ಆಮೇಲೆ ಮಗನ ಕಡೆ ತಿರುಗಿ, ನೀನೇನಾರ ಓಗಿದ್ದಿಯೇನ್ಲಾ ಇವ್ರ ಮನೆಗೆ? ಇಲ್ಲವ್ವ, ಎಲ್ಲದೆ ಅಂತ್ಲೂ ಗೊತ್ತಿಲ್ಲ ಅಂದ ಶಿವಸ್ವಾಮಿ. ಎಲ್ಲಿದೆ ಅಂತಲೂ ಗೊತ್ತಿಲ್ಲವಂತೆ — ಹೋದ ಭಾನುವಾರ ನಮ್ಮ ಅಡುಗೆ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಅವರೆಕಾಳು ಸಾರನ್ನು ಎರಡು ಸಲ ಹಾಕಿಸಿಕೊಂಡ, ಖಾರ ಹತ್ತಿ ನನ್ನ ಕೈಯಿಂದಲೇ ಚೊಂಬು ಕಿತ್ತುಕೊಂಡು ಕಚ್ಚಿ ಕುಡಿದ, ಗಟಗಟ, ಅಂಗಿಯೆಲ್ಲ ಒದ್ದೆ, ಆ ಚೊಂಬನ್ನು ತೊಳೆಯಲೂ ಮನಸ್ಸಾಗಲಿಲ್ಲ ನನಗೆ, ಇವನು ನನ್ನ ಮಗನೇ ಅಂದುಕೊಂಡೆ. ಕವನ ಬಿಳಿಚಿಕೊಂಡಿದ್ದಾಳೆ, ಮೇಜಿನ ಮೇಲಿದ್ದ ನೀರಿನ ಬಾಟಲಿ ಬಾಯಿಗಿಟ್ಟು ಒಂದು ಗುಟುಕು ಕುಡಿದು ಇಟ್ಟಳು, ಕಣ್ಣು ನನ್ನ ಮೇಲೆ, ಹೇಳವ್ವ ಅನ್ನುತ್ತಿದೆಯೋ ಬೇಡವ್ವ ಅನ್ನುತ್ತಿದೆಯೋ, ಹೇಳಿದರೆ ಮದುವೆ ಮುರಿಯುತ್ತದೆ, ಹೇಳದಿದ್ದರೆ ನನ್ನ ಮಗಳಿಗೆ ತವರು ಅಂದರೆ ಈ ಮೇಜು, ಈ ಪ್ಲಾಸ್ಟಿಕ್ ಕುರ್ಚಿ, ಬಾಣಂತನಕ್ಕೂ ಇಲ್ಲಿಗೇ ಬರುತ್ತಾಳೆಯೇ, ಬಾಯಿ ತೆರೆದೆ — ಶಿವಸ್ವಾಮಿ ಅವಳು ಕುಡಿದಿಟ್ಟ ಬಾಟಲಿಗೇ ಕೈ ಹಾಕಿದ, ತಾಯಿಯ ಮುಖ ಒಮ್ಮೆ ನೋಡಿದ, ತಲೆ ಹಿಂದಕ್ಕೆ ಮಾಡಿ ಬಾಟಲಿ ಎತ್ತಿ ಹಿಡಿದ, ತುಟಿಯಿಂದ ಒಂದು ಗೇಣು ಮೇಲೆ, ನೀರು ಬೀಳುತ್ತಿದೆ, ತುಟಿಗೆ ತಾಗದೆ ಬೀಳುತ್ತಿದೆ, ಒಂದು ಗೇಣು, ಒಂದೇ ಗೇಣು ಮೇಲಿನಿಂದ