ಅಕ್ಕನ ಪಾಲಿನ ನಾಲ್ಕು ಜಿಬಿ

ಆಫೀಸಿನಲ್ಲಿ ಅವನನ್ನು ಎಲ್ಲರೂ ಟೈಲರ್ ಎಂದೇ ಕರೆಯುತ್ತಿದ್ದರು. ಸೂಜಿ ಹಿಡಿದವನಲ್ಲ, ಆದರೆ ಅಳತೆ ತೆಗೆಯುವುದೇ ಅವನ ಕಸುಬು. ಆ ವಿಮಾ ಕಂಪನಿಯ ನಾನೂರು ಮಂದಿಯ ಮೇಜಿನ ಮೇಲಿದ್ದದ್ದು ಬರೀ ಪರದೆ, ಕೀಬೋರ್ಡು, ಅಂಗೈಯಗಲದ ಒಂದು ಡಬ್ಬಿ. ಅವರ ಕಂಪ್ಯೂಟರುಗಳೆಲ್ಲ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ, ದೊಡ್ಡ ಸರ್ವರುಗಳ ಹೊಟ್ಟೆಯೊಳಗಿದ್ದವು. ಯಾರಿಗೆ ಎಷ್ಟು ಮೆಮೊರಿ ಬೇಕೆಂದು ಎರಡು ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಹಂಚುವವನು ಅವನು. ಪತ್ರ ಬರೆಯುವವರಿಗೆ ನಾಲ್ಕು ಜಿಬಿ. ಆಸ್ಪತ್ರೆಯ ಸ್ಕ್ಯಾನ್ ಕಾಗದಗಳನ್ನು ದಿನವಿಡೀ ತೆರೆದು ನೋಡುವ ಕ್ಲೇಮ್ ವಿಭಾಗಕ್ಕೆ ಎಂಟು.

ಆ ಕ್ಲೇಮ್ ವಿಭಾಗದಲ್ಲೇ ಅವನ ಅಕ್ಕ ಇದ್ದಳು. ಅಳತೆ ಅವಳಿಗೂ ಎಂಟೆಂದೇ ಹೇಳಿತ್ತು. ಆದರೆ ಮೆಮೊರಿ ಸಾಲದೆ ಒಬ್ಬರಿಗೆ ಕತ್ತರಿ ಹಾಕಬೇಕಾದಾಗ ಅವನು ಅಕ್ಕನ ಹೆಸರಿನ ಮುಂದೆ ನಾಲ್ಕು ಎಂದು ಬರೆದ. ತಮ್ಮನದೇ ಕಾರುಬಾರು, ಅಕ್ಕನಿಗೇನು ಕಮ್ಮಿ ಎಂದು ಯಾರೂ ಆಡಿಕೊಳ್ಳಬಾರದಲ್ಲ! ಪ್ರಾಮಾಣಿಕತೆ ನೆತ್ತಿಗೇರಿದರೆ ಮನುಷ್ಯ ಹೀಗೇ ಆಡುತ್ತಾನೆ, ಅನುಭವಿಸುವವರು ಮಾತ್ರ ಮನೆಯವರು.

"ಒಂಬತ್ತು ಗಂಟೆಗೆ ನಂದು ಅಲ್ಲಾಡೋದೇ ಇಲ್ಲ ಕಣೋ," ಎಂದು ಅಕ್ಕ ಒಮ್ಮೆ ಅಂದಿದ್ದಳು.

"ಒಂಬತ್ತಕ್ಕೆ ಎಲ್ರೂ ಒಟ್ಟಿಗೆ ಲಾಗಿನ್ ಆಗ್ತಾರಲ್ಲಕ್ಕ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಅವಳು ಮತ್ತೆ ಆ ಮಾತೆತ್ತಲಿಲ್ಲ. ಅವನೂ ಮರೆತ.

ಮೂರು ತಿಂಗಳ ಹಿಂದೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಅಕ್ಕ ಒಂದೇ ದಿನದಲ್ಲಿ ತೀರಿಕೊಂಡಳು. ಅವಳ ಗಂಡ ಮೊದಲೇ ಇರಲಿಲ್ಲ. ಒಂಬತ್ತು ವರ್ಷದ ಮಗಳು ಈಗ ಮಾಮನ ಮನೆಯಲ್ಲಿ. ದಿನಾ ಬೆಳಿಗ್ಗೆ ಅವನು ಸೊಟ್ಟಸೊಟ್ಟಗೆ ಜಡೆ ಹೆಣೆಯುವಾಗ ಹುಡುಗಿ ಕೇಳುವುದು ಒಂದೇ ಪ್ರಶ್ನೆ.

"ಅಮ್ಮ ನಾನು ಏಳೋ ಮುಂಚೆನೇ ಯಾಕೆ ಹೋಗ್ತಿದ್ಳು ಮಾಮ? ಪಕ್ಕದ ಮನೆ ಆಂಟಿನೇ ನಂಗೆ ಜಡೆ ಹಾಕ್ತಿದ್ರು. ನಾನು ಹಟ ಮಾಡ್ತೀನಿ ಅಂತ ಬೇಜಾರಾ ಅಮ್ಮಂಗೆ?"

"ಇಲ್ಲ ಪುಟ್ಟಿ, ಕೆಲಸ ಜಾಸ್ತಿ ಇತ್ತು," ಎಂದು ಅವನು ಹಾರಿಕೆಯ ಉತ್ತರ ಕೊಡುತ್ತಿದ್ದ. ನಿಜವಾದ ಕಾರಣ ಅವನಿಗೂ ಗೊತ್ತಿರಲಿಲ್ಲ.

ಇವತ್ತು ಮ್ಯಾನೇಜರ್ ಮೇಡಂ ಬಂದರು. "ಸೋಮವಾರ ಹದಿನೆಂಟು ಜನ ಹೊಸಬರು ಬರ್ತಾರೆ. ತೊಂಬತ್ತು ದಿನದಿಂದ ಯಾರೂ ಮುಟ್ಟದೇ ಇರೋ ಡೆಸ್ಕ್‌ಟಾಪ್ ಎಲ್ಲಾ ಸರ್ವರಿನಿಂದ ಅಳಿಸ್ಬಿಡಿ," ಎಂದವರು ದನಿ ತಗ್ಗಿಸಿದರು. "ನಿಮಗೆ ಕಷ್ಟ ಆದ್ರೆ ಬೇರೆಯವರಿಗೆ ಹೇಳ್ತೀನಿ."

"ಬೇಡ ಮೇಡಂ, ನಾನೇ ಮಾಡ್ತೀನಿ."

ಅಳಿಸುವ ಮುನ್ನ ಲಾಗಿನ್ ದಾಖಲೆ ತೆಗೆದಿಡುವುದು ನಿಯಮ. ಅಕ್ಕನದನ್ನು ತೆರೆದ. ಮೊದಮೊದಲು ಎಲ್ಲ ಒಂಬತ್ತು ಗಂಟೆಯವು. ಒಳಗೆ ಹೋಗಲು ಹನ್ನೊಂದು ನಿಮಿಷ, ಹದಿನಾಲ್ಕು ನಿಮಿಷ. ಅವನು ಅಡ್ಜಸ್ಟ್ ಮಾಡ್ಕೋ ಎಂದ ವಾರದಿಂದ ಏಳೂವರೆ, ಯಾರೂ ಇಲ್ಲದ ಹೊತ್ತು, ಒಳಗೆ ಹೋಗಲು ಎರಡೇ ನಿಮಿಷ. ಮುಂದೆ ಮೂರು ವರ್ಷ, ಕೊನೆಯ ದಿನದವರೆಗೂ ಏಳೂವರೆ.

"ಆಫೀಸಿನ ಬೀಗ ತೆಗೆಯೋದು ನೀನೇನಾ ಅಕ್ಕ?" ಎಂದು ಅವನು ಎಷ್ಟು ಸಲ ಗೇಲಿ ಮಾಡಿದ್ದ! ಬಸ್ಸಿನ ನೂಕುನುಗ್ಗಲಿಗೆ ಹೆದರಿ ಬೇಗ ಬರುತ್ತಾಳೆ ಅಂದುಕೊಂಡಿದ್ದ. ಅವಳು ನಕ್ಕುಬಿಡುತ್ತಿದ್ದಳು. ತಮ್ಮನಿಗೆ ಕೆಟ್ಟ ಹೆಸರು ಬರಬಾರದೆಂದು ಅವಳೂ ಬಾಯಿ ಬಿಟ್ಟಿರಲಿಲ್ಲ.

ನಾಲ್ಕನ್ನು ತೆಗೆದು ಎಂಟು ಎಂದು ಬರೆದ. ಅಕ್ಕನ ಡೆಸ್ಕ್‌ಟಾಪ್ ಶುರುಮಾಡಿದ. ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎದ್ದು, ಅವಳ ಹೆಸರು ತೋರಿಸಿ, ಪಾಸ್‌ವರ್ಡ್ ಕೇಳುತ್ತಾ ನಿಂತಿತು. ಅವನು ಮುಖ ಮುಚ್ಚಿಕೊಂಡು ಬಿಕ್ಕಿದ. ಆಮೇಲೆ ಅಳಿಸಿದ.

ಸಂಜೆ ಹೋಂವರ್ಕ್ ಮಾಡುತ್ತಿದ್ದ ಹುಡುಗಿಯ ಪಕ್ಕ ಕೂತ.

"ಅಮ್ಮಂಗೆ ನಿನ್ನ ಮೇಲೆ ಬೇಜಾರಿರ್ಲಿಲ್ಲ ಪುಟ್ಟಿ. ನಾನು ಅವಳಿಗೆ ಸರಿಯಾದ ಕಂಪ್ಯೂಟರ್ ಕೊಟ್ಟಿರ್ಲಿಲ್ಲ. ಅದಕ್ಕೇ ಅಷ್ಟು ಬೇಗ ಹೋಗ್ತಿದ್ಳು. ತಪ್ಪು ನಂದು."

ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. "ಅಮ್ಮ ನಿನ್ನ ಕೇಳ್ಲಿಲ್ವಾ?"

"ಕೇಳಿದ್ಳು."

ಮರುದಿನ ಬೆಳಿಗ್ಗೆ ಅವನು ಬಾಚಣಿಗೆ ಹಿಡಿದು ಬಂದಾಗ ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

"ನಾನೇ ಹಾಕ್ಕೋತೀನಿ ಮಾಮ," ಎಂದಳು.